ಟಾಟಾ ಎಸ್ಟೇಟ್ ಕತ್ತರಿಸಿ ಪಿಕಪ್ ಮಾಡಿಸಬೇಕೇ? ದಾವಣಗೆರೆ, ಚಿತ್ರದುರ್ಗದ ಬಾಡಿ ಶೆಡ್‌ಗಳ ಕೆಲಸದ ವಿಮರ್ಶೆ

ಗಟ್ಟಿ ಬಾಡಿಯ ಟಾಟಾ ಎಸ್ಟೇಟ್ (ಟಾಟಾ ಕಂಪನಿಯ ಹಳೆಯ ಸ್ಟೇಷನ್ ವ್ಯಾಗನ್ ಕಾರು) ನಿಮ್ಮಲ್ಲಿದ್ದರೆ ಅದನ್ನು ಕತ್ತರಿಸಬೇಡಿ. ಹಿಂಭಾಗವೆಲ್ಲ ತುಕ್ಕು ತಿಂದು ಹೆಬ್ಬೆರಳಿನಿಂದ ಒತ್ತಿದರೆ ಉದುರುವಂತಿದ್ದು, ಚಾಸಿ ಮಾತ್ರ ಚೆನ್ನಾಗಿ ಉಳಿದಿದ್ದರೆ, ಗಾಡಿ ತೋಟದ ಬೇಲಿಯೊಳಗೋ ಮಿಲ್ ಕಾಂಪೌಂಡಿನೊಳಗೋ ಓಡಾಡುವುದಿದ್ದರೆ, ಆಗ ಮಾಡಿಸಬಹುದು. ನಮ್ಮ ತೀರ್ಪು ಇದು. ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ಮತ್ತು ಚಿತ್ರದುರ್ಗದ ಹೊರವಲಯದಲ್ಲಿ ಲಾರಿ ಬಾಡಿ ಕಟ್ಟುವ ಕೈಗಳಿಗೆ ತಗಡು, ಆಂಗಲ್, ಚಾನಲ್ ಎಲ್ಲ ನೀರು ಕುಡಿದಷ್ಟು ಸಲೀಸು. ಆದರೆ ಲಾರಿಗೆ ಹೊಸ ಬಾಡಿ ಕೂರಿಸುವುದು ಬೇರೆ, ಕಂಪನಿಯಿಂದ ಒಂದೇ ಬಾಡಿಯಾಗಿ ಬಂದ ಕಾರನ್ನು ಎರಡು ತುಂಡು ಮಾಡಿ ಮತ್ತೆ ನಿಲ್ಲಿಸುವುದು ಬೇರೆ. ಎಡವುವುದೆಲ್ಲ ಈ ಎರಡರ ನಡುವೆಯೇ.

ಎಸ್ಟೇಟ್ ಬಗ್ಗೆಯೇ ಬರೆಯಲು ಕಾರಣವಿದೆ. ಟಾಟಾ ಕಂಪನಿ 1988ರಲ್ಲಿ ಟಾಟಾಮೊಬೈಲ್ 206 ಪಿಕಪ್ ತಂದಿತು. ಅದೇ ಚಾಸಿಯ ವಂಶದಲ್ಲಿ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ಬಂದವು. 1,948 ಸಿಸಿ ಡೀಸೆಲ್ ಎಂಜಿನ್, ಹಿಂದಿನ ಚಕ್ರಕ್ಕೆ ಎಳೆತ, ಕೆಳಗೆ ಏಣಿಯಂಥ ಪ್ರತ್ಯೇಕ ಚಾಸಿ. ಅಂದರೆ ಎಸ್ಟೇಟ್ ಹುಟ್ಟಿದ್ದೇ ಪಿಕಪ್ಪಿನಿಂದ. ಆದ್ದರಿಂದಲೇ ಅನೇಕರಿಗೆ "ಮೇಲಿನದನ್ನು ತೆಗೆದರೆ ಕೆಳಗೆ 206 ಇದ್ದೇ ಇದೆ" ಅನ್ನಿಸುತ್ತದೆ. ಅರ್ಧ ನಿಜ. ಚಾಸಿ ಪಿಕಪ್ಪಿನ ಮನೆತನದ್ದೇ ಆದರೂ ಬಾಡಿ, ಅದರ ಮೌಂಟಿಂಗ್, ಬಾಗಿಲಿನ ಅಳತೆ, ಪಾಟಾದ (ಲೀಫ್ ಸ್ಪ್ರಿಂಗ್) ಮೆದುತನ, ಡೀಸೆಲ್ ಟ್ಯಾಂಕಿನ ಪೈಪು ಎಲ್ಲವೂ ಐದು ಜನ ಕೂರುವ ಕಾರಿಗೆಂದು ಹೊಂದಿಸಿದವು. 206ರ ಕ್ಯಾಬಿನ್‌ಗೆ ಕಂಪನಿಯೇ ಒತ್ತಿ ಕೊಟ್ಟ ಹಿಂಗೋಡೆ ಇದೆ. ಎಸ್ಟೇಟ್‌ಗೆ ಅದಿಲ್ಲ, ಶೆಡ್ಡಿನಲ್ಲಿ ಹುಟ್ಟಿಸಬೇಕು.

ವ್ಯಾಗನ್‌ನಿಂದ ಪಿಕಪ್ ಮಾಡುವುದು ಕಂಪನಿಗಳಿಗೂ ಹೊಸದಲ್ಲ. ಅಮೆರಿಕದಲ್ಲಿ ಫೋರ್ಡ್ 1957ರಲ್ಲಿ ತಂದ ರಾಂಚೆರೊ ಎರಡು ಬಾಗಿಲಿನ ರಾಂಚ್ ವ್ಯಾಗನ್ ಮೇಲೆ ಕಟ್ಟಿದ್ದು. ಷೆವರ್ಲೆಯ ಎಲ್ ಕ್ಯಾಮಿನೊ 1959ರಲ್ಲಿ ಬಂತು. ಆ ಎರಡಕ್ಕೂ ಆಧಾರವಾದದ್ದು ಎರಡು ಬಾಗಿಲಿನ ವ್ಯಾಗನ್ ಎಂಬುದನ್ನು ಗಮನಿಸಿ. ಎರಡು ಬಾಗಿಲಿನ ಗಾಡಿಯಲ್ಲಿ ಮುಂಬಾಗಿಲು ಉದ್ದ, ಅದರ ಹಿಂದಿನ ಕಂಬ ಸೀಟಿಗಿಂತ ಸಾಕಷ್ಟು ಹಿಂದಿರುತ್ತದೆ. ನಾಲ್ಕು ಬಾಗಿಲಿನ ಎಸ್ಟೇಟ್‌ನಲ್ಲಿ ನಡುಗಂಬ ಚಾಲಕನ ಭುಜದ ಪಕ್ಕದಲ್ಲೇ ಇದೆ. ಆ ಕಂಬದ ಹಿಂದೆಯೇ ಗೋಡೆ ಎಬ್ಬಿಸಿದರೆ ಸೀಟು ಹಿಂದೆ ಸರಿಯುವುದಿಲ್ಲ, ಬೆನ್ನು ಒರಗುವುದಿಲ್ಲ. ಎತ್ತರದ ಆಳು ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವಷ್ಟರಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ. ಹಿಂಬಾಗಿಲನ್ನೂ ಉಳಿಸಿ ಅದರ ಹಿಂದೆ ಕತ್ತರಿಸಿದರೆ ಡಬಲ್ ಕ್ಯಾಬಿನ್ ಆಗುತ್ತದೆ, ಕೂರಲು ಹಿತ. ಆದರೆ ಸರಕು ಹೇರಲು ಉಳಿಯುವ ತೊಟ್ಟಿ ಮೂರಡಿ ಆಸುಪಾಸು. ಮೂರಡಿ ತೊಟ್ಟಿಗೋಸ್ಕರ ಒಂದು ಎಸ್ಟೇಟ್ ಬಲಿ ಕೊಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಇನ್ನು ಕಾಗದದ ಮಾತು. ಶೆಡ್ಡಿನಲ್ಲಿ ಇದನ್ನು ಯಾರೂ ತಾವಾಗಿ ಎತ್ತುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ಹೊಂದದಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಸ್ಟೇಟ್‌ನ ಆರ್‌ಸಿಯಲ್ಲಿ ಬಾಡಿ ಸ್ಟೇಷನ್ ವ್ಯಾಗನ್, ಸೀಟು ಐದು, ವರ್ಗ ಮೋಟಾರ್ ಕಾರ್. ಕತ್ತರಿಸಿದ ಮೇಲೆ ಬಾಡಿಯೂ ತಪ್ಪು, ಸೀಟೂ ತಪ್ಪು, ಸರಕು ಹೇರಿದರೆ ವರ್ಗವೂ ತಪ್ಪು. ಈ ವಯಸ್ಸಿನ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲೇಬೇಕು. ಕೆಎ-17 ದಾವಣಗೆರೆಯಾಗಲಿ, ಕೆಎ-16 ಚಿತ್ರದುರ್ಗವಾಗಲಿ, ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿದ ದಿನ ಮೊದಲು ನೋಡುವುದೇ ಆರ್‌ಸಿಗೂ ಗಾಡಿಗೂ ತಾಳೆಯಾಗುತ್ತದೆಯೇ ಎಂದು. ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ನೋಡುವುದೂ ಅದನ್ನೇ. "ಒಮ್ಮೆ ಮಾಡಿಸ್ರಿ, ಆಮೇಲೆ ಪಾಸಿಂಗ್ ನೋಡ್ಕಳಣ" ಎಂಬ ಮಾತಿಗೆ ಒಪ್ಪಬೇಡಿ. ಲಿಖಿತ ಅನುಮತಿ ಕೈಗೆ ಬರುವ ಮೊದಲು ಗ್ರೈಂಡರ್ ಹಚ್ಚಿಸಬಾರದು. ರಸ್ತೆಗೆ ಇಳಿಸುವ ಗಾಡಿಗೆ ಅಂಥ ಅನುಮತಿ ಸಿಗುತ್ತದೆಂದು ನಂಬಿ ಹಣ ಹೂಡಲೂಬಾರದು.

ಇದಕ್ಕೆ ಇನ್ನೊಂದು ಮುಖವಿದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ, ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಉಳಿದ ಗಾಡಿಗೆ ಪ್ರತ್ಯೇಕ ನೋಂದಣಿ ಇದೆ. ಮೊದಲ ಸಾಲಿನ ಎಸ್ಟೇಟ್‌ಗಳು 2042ರಲ್ಲಿ ಆ ಹೊಸ್ತಿಲಿಗೆ ಬರುತ್ತವೆ. ಬಾಡಿ ಕತ್ತರಿಸಿದ ಗಾಡಿಗೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ನಮ್ಮ ಭಾಗ ಮಳೆ ಕಡಿಮೆಯ ಬಯಲುಸೀಮೆ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಒಣಹವೆಯಲ್ಲಿ ನಿಂತ ಗಾಡಿಯ ತಗಡು ಕರಾವಳಿಯ ಗಾಡಿಗಿಂತ ಎಷ್ಟೋ ಚೆನ್ನಾಗಿ ಉಳಿದಿರುತ್ತದೆ. ಮಂಗಳೂರು, ಉಡುಪಿಯವರು ಇಂಥ ಬಾಡಿ ಹುಡುಕಿಕೊಂಡು ಇಲ್ಲಿಗೆ ಬರಬೇಕು. ಇಲ್ಲಿನವರೇ ಅದನ್ನು ಕತ್ತರಿಸಿಬಿಟ್ಟರೆ ಹೊಟ್ಟೆ ಉರಿಯುತ್ತದೆ.

ಕತ್ತರಿಸುವವರ ಆಸೆ ಮೂಟೆ ಹೇರುವುದು. ಅದರ ಲೆಕ್ಕ ಮಾಡಿ ನೋಡೋಣ. ಎಸ್ಟೇಟ್‌ನ ಹಿಂದಿನ ಆಕ್ಸಲ್, ಪಾಟಾ, ಬ್ರೇಕ್, ಟೈರುಗಳು ಹೊರಬೇಕಾದದ್ದು ಐದು ಜನ ಮತ್ತು ಅವರ ಸಾಮಾನು. ತಲೆಗೆ 75 ಕೆಜಿಯಂತೆ ಹಿಂದಿನ ಮೂವರು 225 ಕೆಜಿ, ಸಾಮಾನು 50 ಕೆಜಿ, ಒಟ್ಟು 275. ಈಗ ತೊಟ್ಟಿಯ ತೂಕ. 3 ಮಿ.ಮೀ. ಚೆಕರ್ ಪ್ಲೇಟ್ (ಉಬ್ಬುಗೆರೆಯ ತಗಡು) ಚದರ ಮೀಟರಿಗೆ ಸುಮಾರು 26 ಕೆಜಿ ತೂಗುತ್ತದೆ. 1.5 ಮೀಟರ್ ಉದ್ದ, 1.35 ಮೀಟರ್ ಅಗಲದ ನೆಲಕ್ಕೇ 52 ಕೆಜಿ ಆಯಿತು. ಅಡ್ಡ ಚಾನಲ್, ಪಕ್ಕದ ಹಲಗೆ, ಹಿಂದಿನ ಡಾಲಾ (ತೆರೆಯುವ ಹಲಗೆ), ಕ್ಯಾಬಿನ್ ಗೋಡೆ ಸೇರಿದರೆ, ತೆಗೆದುಹಾಕಿದ ಟಾಪು, ಗಾಜು, ಸೀಟಿನ ತೂಕ ಹೆಚ್ಚುಕಡಿಮೆ ವಾಪಸ್ ಬಂದಂತೆ. ಉಳಿದದ್ದು ಅದೇ 275 ಕೆಜಿ. 60 ಕೆಜಿಯ ಮೆಕ್ಕೆಜೋಳದ ಮೂಟೆಯಾದರೆ ನಾಲ್ಕು. ದಾವಣಗೆರೆ ಎಪಿಎಂಸಿಗೆ ನಾಲ್ಕು ಮೂಟೆ ಒಯ್ಯಲು ಹಿಂದಿನ ಸೀಟು ಮಡಚಿದ ಎಸ್ಟೇಟ್ ಈಗಲೇ ಸಾಕು, ಕತ್ತರಿಸುವ ಅಗತ್ಯವೇ ಇಲ್ಲ.

"ಇನ್ನೆರಡು ಪಾಟಾ ಹಾಕಿದರಾಯ್ತು" ಎನ್ನುವವರಿದ್ದಾರೆ. ಪಾಟಾ ಹೆಚ್ಚಿಸಿದರೆ ಗಾಡಿ ಕೂರುವುದು ಕಡಿಮೆಯಾಗುತ್ತದೆ, ಹೊರುವ ಶಕ್ತಿ ಹೆಚ್ಚುವುದಿಲ್ಲ. ಬ್ರೇಕ್ ಡ್ರಮ್ಮು ಅದೇ, ಹಬ್ ಬೇರಿಂಗ್ ಅದೇ, ಟೈರಿನ ಮಿತಿಯೂ ಅದೇ. ಟೈರಿನ ಮಗ್ಗುಲಲ್ಲಿ 91 ಎಂದು ಒತ್ತಿದ್ದರೆ ಅದು ಹೊರುವುದು 615 ಕೆಜಿ, 95 ಎಂದಿದ್ದರೆ 690. ಅದಕ್ಕಿಂತ ಮೇಲೆ ಹೇರಿದರೆ ಬೇಸಿಗೆಯ ಹೆದ್ದಾರಿಯಲ್ಲಿ ಟೈರ್ ಕಾದು ಸಿಡಿಯುವುದೇ ಗತಿ. ಮೇಲಾಗಿ ಖಾಲಿ ಓಡುವಾಗ ಬಿರುಸಾದ ಪಾಟಾದ ಮೇಲೆ ಹಗುರ ಹಿಂಭಾಗ ಕುಣಿಯುತ್ತದೆ. ತಿರುವಿನಲ್ಲಿ ಜಲ್ಲಿ ಸಿಕ್ಕರೆ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ಸರಕನ್ನು ಆಕ್ಸಲ್‌ನ ಹಿಂದೆ ಹೇರಿದರಂತೂ ಮುಂಭಾಗ ಎದ್ದು ಸ್ಟೀರಿಂಗ್ ಹಗುರಾಗುತ್ತದೆ, ಹೆಡ್‌ಲೈಟ್ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಇಷ್ಟರ ಮೇಲೂ, ಹಿಂಭಾಗ ಸತ್ತ ಗಾಡಿಯೊಂದನ್ನು ತೋಟದ ಕೆಲಸಕ್ಕೆ ಮಾಡಿಸುವವರಿಗಾಗಿ ಕೆಲಸದ ಗುಣಮಟ್ಟ ಹೇಳುತ್ತೇವೆ.

ಕತ್ತರಿಸುವ ಮುಂಚಿನ ತಯಾರಿಯಲ್ಲಿ ಹೆಚ್ಚಿನ ಶೆಡ್‌ಗಳು ಸೋಲುತ್ತವೆ. ಗಾಡಿಯನ್ನು ಮಟ್ಟದ ಕಾಂಕ್ರೀಟ್ ನೆಲದಲ್ಲಿ, ನಾಲ್ಕೂ ಚಕ್ರದ ಮೇಲೆ ಅಥವಾ ಚಾಸಿಯ ಕೆಳಗೆ ನಾಲ್ಕು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಬೇಕು. ಬ್ಯಾಟರಿಯ ಎರಡೂ ತಂತಿ, ಆಲ್ಟರ್ನೇಟರ್‌ನ ತಂತಿ ಬಿಚ್ಚಬೇಕು. ಇಲ್ಲದಿದ್ದರೆ ವೆಲ್ಡಿಂಗ್ ಕರೆಂಟಿಗೆ ಡಯೋಡ್ ಸುಡುತ್ತದೆ. ಡೀಸೆಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದ ಹೊರಗಿಡಬೇಕು. ಖಾಲಿ ಟ್ಯಾಂಕ್ ಅಪಾಯವಲ್ಲ ಎಂದು ತಿಳಿಯಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಬ್ರೇಕ್ ಪೈಪು, ಹಿಂದಿನ ವೈರಿಂಗ್ ಕತ್ತರಿಸದೆ ಬಿಚ್ಚಿ ಮಡಚಿಡಬೇಕು. ಆಮೇಲೆ ಅಳತೆ: ಮುಂಬಾಗಿಲಿನ ಚೌಕಟ್ಟಿನ ಎರಡೂ ಕರ್ಣ, ಎಡಗಂಬದಿಂದ ಬಲಗಂಬಕ್ಕೆ ಮೇಲೆ ಒಂದು, ಕೆಳಗೆ ಒಂದು. ಇವನ್ನು ಗೋಡೆಯ ಮೇಲೆ ಬರೆದಿಟ್ಟು ಕೊನೆಯವರೆಗೂ ಅಳಿಸಬಾರದು. 25 ಮಿ.ಮೀ. ಬಾಕ್ಸ್ ಪೈಪನ್ನು ಕಂಬದಿಂದ ಕಂಬಕ್ಕೆ ಅಡ್ಡ, ಬಾಗಿಲಿನ ಚೌಕಟ್ಟಿನೊಳಗೆ ಓರೆಯಾಗಿ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ ನಿಲ್ಲಿಸಬೇಕು. ಈ ಊರುಗೋಲಿಲ್ಲದೆ ಟಾಪು ಕತ್ತರಿಸಿದರೆ ಕಂಬಗಳು ಹೊರಗೆ ಅಗಲುತ್ತವೆ. ಎರಡು ಮೂರು ಮಿ.ಮೀ. ಅಗಲಿದರೂ ಸಾಕು, ಬಾಗಿಲು ಒದ್ದರೂ ಲಾಕ್ ಬೀಳುವುದಿಲ್ಲ. ಕೊನೆಗೆ ಹಿಂಜ್ ಬಡಿದು ಬಗ್ಗಿಸಿ ಬಾಗಿಲು ಕೂರಿಸಿದ ಗಾಡಿಗಳಿವೆ. ಮುಂದಿನ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು, ಹಿಂದಿನ ಅಂಚಿನಲ್ಲಿ ಬಣ್ಣ ಉಜ್ಜಿದ ಗುರುತು ಕಂಡರೆ ಅಲ್ಲಿ ಊರುಗೋಲು ಕೊಟ್ಟಿರಲಿಲ್ಲ ಎಂದೇ ಅರ್ಥ.

ಕತ್ತರಿಸುವುದು ಎರಡು ಹಂತದಲ್ಲಿ ಆಗಬೇಕು. ಮೊದಲ ಕಟಿಂಗ್ ಅಂತಿಮ ಗೆರೆಗಿಂತ 75 ಮಿ.ಮೀ. ಹಿಂದೆ. ಭಾರವೆಲ್ಲ ಇಳಿದ ಮೇಲೆ ಮತ್ತೆ ಕರ್ಣ ಅಳೆದು, ನಂತರ ಅಂತಿಮ ಗೆರೆ. 1 ಮಿ.ಮೀ. ಕಟಿಂಗ್ ವೀಲ್‌ನಲ್ಲಿ ನಿಧಾನ ಹೋಗಬೇಕು. ಗ್ಯಾಸ್ ಕಟರ್ ಹಚ್ಚಲು ಬಿಡಲೇಬೇಡಿ, ತಗಡು ಒಂದಡಿ ದೂರದವರೆಗೂ ಅಲೆಯಲೆಯಾಗಿ ಏಳುತ್ತದೆ. ಕಂಬದಲ್ಲಿ ಮೂರು ಪದರ ತಗಡಿದೆ. ಹೊರ ಪದರವನ್ನು ಒಂದು ಗೆರೆಯಲ್ಲಿ, ಒಳ ಪದರವನ್ನು 40 ಮಿ.ಮೀ. ತಪ್ಪಿಸಿ ಇನ್ನೊಂದು ಗೆರೆಯಲ್ಲಿ ಕತ್ತರಿಸಿದರೆ ಜೋಡಣೆಗೆ ಬಲ ಬರುತ್ತದೆ. ಎಲ್ಲ ಪದರವನ್ನೂ ಒಂದೇ ನೇರದಲ್ಲಿ ಕತ್ತರಿಸಿ ಬೆಸೆದರೆ ಬಿರುಕು ಬಿಡುವುದೂ ಅದೇ ನೇರದಲ್ಲಿ.

ಹಿಂಗೋಡೆಗೆ 40×20 ಬಾಕ್ಸ್ ಪೈಪಿನ ಕಮಾನು ಟಾಪಿನ ಬಾಗಿಗೆ ಸರಿಯಾಗಿ ಬಗ್ಗಿಸಿ ಕೂರಿಸುತ್ತಾರೆ. ಇದರಲ್ಲಿ ದಾವಣಗೆರೆಯ ಕೈಗಳನ್ನು ಮೆಚ್ಚಲೇಬೇಕು. ಬಗ್ಗಿಸಿದ ಪೈಪು ಟಾಪಿನ ಅಂಚಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿರುತ್ತದೆ. ಗೋಡೆಯ ಹೊರ ತಗಡಿಗೆ 18 ಗೇಜ್, ಅಂದರೆ 1.2 ಮಿ.ಮೀ. ಸಿಆರ್ ಶೀಟ್ ಸಾಕು. ಒಳಪದರಕ್ಕೆ 20 ಗೇಜ್. ಸಪಾಟು ತಗಡು ಹಾಗೇ ಬೆಸೆದರೆ 60 ಕಿ.ಮೀ. ವೇಗದಲ್ಲಿ ಡೋಲಿನಂತೆ ಗುಂಯ್‌ಗುಡುತ್ತದೆ. ಅದಕ್ಕೇ ಬೆಸೆಯುವ ಮೊದಲು ತಗಡಿಗೆ ಎರಡು ಮೂರು ಉದ್ದ ಗೀರು ಒತ್ತಿಸಬೇಕು. ಜಿಐ (ಸತು ಲೇಪಿಸಿದ) ಶೀಟ್ ಬೇಡ. ಬೆಸೆಯುವಾಗ ಸತುವಿನ ಹೊಗೆ ಕೆಲಸಗಾರನ ಎದೆಗೆ ಹೋಗಿ ಜ್ವರ ಬರಿಸುತ್ತದೆ, ಬೆಸುಗೆಯಲ್ಲೂ ತೂತು ಬೀಳುತ್ತದೆ.

ಬೆಸುಗೆ ಸಿಒಟು ಮಿಷಿನ್ನಿನದೇ ಆಗಬೇಕು, ತಂತಿ 0.8 ಮಿ.ಮೀ. ಆರ್ಕ್ ವೆಲ್ಡಿಂಗ್ ಲಾರಿ ಬಾಡಿಯ ಆಂಗಲ್ಲಿಗೆ ಸರಿ, ಕಾರಿನ 0.8 ಮಿ.ಮೀ. ಟಾಪಿಗೆ ಹಚ್ಚಿದರೆ ಸುಟ್ಟು ತೂತಾಗುತ್ತದೆ. ಆ ತೂತು ಮುಚ್ಚಲು ಮತ್ತೆ ಗುಡ್ಡೆ, ಆ ಗುಡ್ಡೆ ಮುಚ್ಚಲು ಪುಟ್ಟಿ (ಬಣ್ಣದ ಮೊದಲು ಬಳಿಯುವ ಲೇಪ). ಟಾಪಿನ ಅಂಚಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಲ್ಲಿಸದೆ ಎಳೆಯಬಾರದು. ಎಡದಲ್ಲಿ 20 ಮಿ.ಮೀ., ಬಲದಲ್ಲಿ 20 ಮಿ.ಮೀ., ನಡುವೆ 20, ಕೈಯಿಟ್ಟರೆ ತಣ್ಣಗಾಗಿರಬೇಕು, ಆಮೇಲೆ ನಡುವಿನ ಸಂದು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಗುತ್ತಿಗೆಗೆ ಕೆಲಸ ಹಿಡಿದ ಶೆಡ್ ಅರ್ಧ ದಿನ ಕಾಯುವುದಿಲ್ಲ, ಗಂಟೆಯಲ್ಲಿ ಎಳೆದು ಮುಗಿಸುತ್ತದೆ. ಟಾಪು ಅಲೆ ಎದ್ದರೆ ಮೇಲೆ ಪುಟ್ಟಿ ಬಳಿದು ಮಟ್ಟ ಮಾಡುತ್ತಾರೆ. ಪುಟ್ಟಿ 2–3 ಮಿ.ಮೀ. ದಾಟಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಎರಡನೇ ವರ್ಷಕ್ಕೇ ಬಿರಿಯುತ್ತದೆ. ಡೆಲಿವರಿ ತೆಗೆದುಕೊಳ್ಳುವಾಗ ಒಂದು ಚಿಕ್ಕ ಅಯಸ್ಕಾಂತ ಒಯ್ಯಿರಿ. ಟಾಪಿನ ಹಿಂದಿನ ಅಂಚಿನಲ್ಲಿ, ಕಂಬದ ಬುಡದಲ್ಲಿ ಅದು ಅಂಟದೆ ಜಾರಿದರೆ ಬಣ್ಣದ ಕೆಳಗಿರುವುದು ತಗಡಲ್ಲ.

ಹಿಂದಿನ ಗಾಜಿಗೆ ಆಕ್ರಿಲಿಕ್ ಶೀಟ್ ಕೂರಿಸಿ ಕೊಡುತ್ತಾರೆ, ಒಪ್ಪಬೇಡಿ. ಐಎಸ್ 2553 ಗುರುತಿರುವ 5 ಮಿ.ಮೀ. ಟಫನ್ಡ್ ಗಾಜನ್ನು ಅಳತೆ ಕೊಟ್ಟು ಮಾಡಿಸಿ, ರಬ್ಬರ್ ಬೀಡಿಂಗ್‌ನಲ್ಲಿ ಕೂರಿಸಬೇಕು. ಟಫನ್ಡ್ ಆದ ಮೇಲೆ ಗಾಜನ್ನು ಕತ್ತರಿಸಲಾಗದು. ಆದ್ದರಿಂದ ರಟ್ಟಿನ ಅಚ್ಚು ಮೊದಲು ಬೀಡಿಂಗ್‌ನಲ್ಲಿ ಕೂತು ನೋಡಬೇಕು, ಸುತ್ತ 3 ಮಿ.ಮೀ. ಸಡಿಲ ಬಿಡಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ ಬರೋಣ: ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಸಂದು. ಏಣಿ ಚಾಸಿ ಬಾಗಬೇಕು, ಸುತ್ತಬೇಕು; ಅದರ ಸ್ವಭಾವವೇ ಅದು. ಒಂದು ಚಕ್ರ ಗುಂಡಿಗಿಳಿದಾಗ ಕ್ಯಾಬಿನ್ ಒಂದು ಕಡೆ, ತೊಟ್ಟಿ ಇನ್ನೊಂದು ಕಡೆ ವಾಲುತ್ತವೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಮಣ್ಣು ರಸ್ತೆಯಲ್ಲಿ ಯಾವುದಾದರೂ ಟಾಟಾ 207 ಪಿಕಪ್‌ನ ಹಿಂದೆ ಹೋಗಿ ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. ಅದಕ್ಕೇ ಕಂಪನಿ ಪಿಕಪ್‌ಗಳಲ್ಲಿ ಎರಡರ ನಡುವೆ ಸಂದು ಬಿಟ್ಟಿರುತ್ತಾರೆ. ಕಸ್ಟಮ್ ಕೆಲಸ ಮಾಡಿಸುವವರಿಗೆ ಈ ಸಂದು ಅಂದಗೇಡು ಅನ್ನಿಸುತ್ತದೆ, "ಒಂದೇ ಬಾಡಿ ಕಾಣಂಗೆ ಮಾಡಿಕೊಡ್ರಿ ಮೇಸ್ತ್ರಿ" ಎನ್ನುತ್ತಾರೆ. ಮೇಸ್ತ್ರಿ ಬೆಸೆದುಬಿಡುತ್ತಾರೆ. ಆಗ ಚಾಸಿಯ ತಿರುಚು ಎಲ್ಲವೂ ಕ್ಯಾಬಿನ್‌ನ ಹಿಂದಿನ ಕೆಳಮೂಲೆಗೆ ಬಂದು ನಿಲ್ಲುತ್ತದೆ. ಮೊದಲು ಬಣ್ಣದಲ್ಲಿ ಗೆರೆ, ಆಮೇಲೆ ತಗಡಿನಲ್ಲಿ ಬಿರುಕು, ಕೊನೆಗೆ ಗಾಜು. ಬಿರುಕಿಗೆ ಮತ್ತೆ ವೆಲ್ಡಿಂಗ್ ಮಾಡಿದರೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು. ಬಿಡಬೇಕಾದ ಸಂದು 30 ಮಿ.ಮೀ. ಸುತ್ತಮುತ್ತ. ಇದರಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ.

ತೊಟ್ಟಿ ಚಾಸಿಯ ಮೇಲೆ ರಬ್ಬರ್ ಬುಷ್ ಮೂಲಕ ಕೂರಬೇಕು, ಆರು ಜಾಗದಲ್ಲಾದರೂ. ಚಾಸಿಯ ಮೇಲಿನ ಮತ್ತು ಕೆಳಗಿನ ಪಟ್ಟಿಗೆ ಡ್ರಿಲ್ ಹಾಕಬಾರದು, ಅಡ್ಡಲಾಗಿ ಬೆಸೆಯಬಾರದು. ಬಾಗುವಾಗ ಎಳೆತವೆಲ್ಲ ಅಲ್ಲಿಯೇ ಇರುತ್ತದೆ. ಬ್ರಾಕೆಟ್ಟನ್ನು ಚಾಸಿಯ ನಿಂತ ಮಗ್ಗುಲಿಗೆ 10 ಅಥವಾ 12 ಮಿ.ಮೀ. ಹೈ ಟೆನ್ಸೈಲ್ ಬೋಲ್ಟಿನಲ್ಲಿ ಬಿಗಿಯಬೇಕು, ಅದುರಿದರೂ ಸಡಿಲವಾಗದ ನೈಲಾಕ್ ನಟ್ ಹಾಕಬೇಕು. ಲಾರಿ ಬಾಡಿಯಂತೆ ಯು ಬೋಲ್ಟ್ ಹಾಕುವುದಾದರೆ ಚಾಸಿಯ ಒಳಗೆ ತುಂಡು ಚಾನಲ್ ಆಸರೆ ಕೊಡದೆ ಬಿಗಿಯಬಾರದು, ಪಟ್ಟಿ ಒಳಕ್ಕೆ ಮಡಚಿಕೊಳ್ಳುತ್ತದೆ. ಈ ವಿಷಯದಲ್ಲಿ ನಮ್ಮ ಲಾರಿ ಶೆಡ್‌ಗಳ ಕೆಲಸ ಉತ್ತಮ, ಯಾಕೆಂದರೆ ಇದು ಅವರ ದಿನನಿತ್ಯದ ಕೆಲಸ. ತೊಟ್ಟಿಯ ನೆಲಕ್ಕೆ 3 ಮಿ.ಮೀ. ಚೆಕರ್ ಬದಲು 2 ಮಿ.ಮೀ. ಸಾದಾ ಶೀಟ್ ಹಾಕಿ ಕೆಳಗೆ 300 ಮಿ.ಮೀ.ಗೊಂದು ಟೋಪಿ ಆಕಾರದ ಚಾನಲ್ ಕೊಡಿಸಿದರೆ ಚದರ ಮೀಟರಿಗೆ ಹತ್ತು ಕೆಜಿ ಉಳಿಯುತ್ತದೆ, ಆ ಉಳಿತಾಯದ ಒಂದು ಪಾಲನ್ನು ಚಾನಲ್ ತಿಂದರೂ ನೆಲ ಗಟ್ಟಿಯಾಗುತ್ತದೆ. ನಾಲ್ಕು ಮೂಲೆಗೂ 12 ಮಿ.ಮೀ. ತೂತು ಬಿಡಿಸಿ, ನೀರು ನಿಲ್ಲಬಾರದು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಊರಲ್ಲಿ ಚೆನ್ನಾಗಿಯೇ ಹೊಡೆಯುತ್ತಾರೆ. ಬಾಕ್ಸ್ ಪೈಪಿನ ಒಳಗೆ, ಮುಚ್ಚಿದ ಪದರಗಳ ನಡುವೆ ತುಕ್ಕು ತಡೆಯುವ ಮೇಣ ಸಿಂಪಡಿಸಿದ್ದಾರೆಯೇ ಎಂದು ಕೇಳಿ. ಹೆಚ್ಚಿನವರು ಇದನ್ನು ಬಿಡುತ್ತಾರೆ, ಗಾಡಿ ಒಳಗಿನಿಂದ ಹೋಗುತ್ತದೆ.

ಬ್ರೇಕ್ ಕಡೆ ಯಾರೂ ನೋಡುವುದಿಲ್ಲ. ಹಿಂಭಾಗ ಹಗುರಾದರೆ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಗಾಡಿ ತಿರುಗಿ ನಿಲ್ಲುತ್ತದೆ. ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ (ಭಾರಕ್ಕೆ ತಕ್ಕಂತೆ ಬ್ರೇಕ್ ಹಿಡಿತ ಹೊಂದಿಸುವುದು) ಇದ್ದರೆ ಅದರ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಪಾಟಾ ಸೇರಿಸಿ ಗಾಡಿ ಎತ್ತರಿಸಿದರೆ ವಾಲ್ವ್ ಗಾಡಿಯನ್ನು ಸದಾ ಖಾಲಿ ಎಂದೇ ತಿಳಿಯುತ್ತದೆ, ಹೇರಿದಾಗ ಹಿಂದೆ ಬ್ರೇಕೇ ಹಿಡಿಯುವುದಿಲ್ಲ. ಒಣ ರಸ್ತೆಯಲ್ಲಿ, ಖಾಲಿ ಬಯಲಲ್ಲಿ, 40 ಕಿ.ಮೀ. ವೇಗದಲ್ಲಿ ಒಮ್ಮೆ ಖಾಲಿ, ಒಮ್ಮೆ 200 ಕೆಜಿ ಹೇರಿ ಬ್ರೇಕ್ ಒತ್ತಿ ನೋಡದೆ ಹಣದ ಕೊನೆಯ ಕಂತು ಕೊಡಬೇಡಿ.

ಸೈಲೆನ್ಸರ್ ಬಾಯಿ ತೊಟ್ಟಿಯ ಹಿಂದಿನ ಅಂಚು ದಾಟಿರಬೇಕು. ಓಡುವ ಕ್ಯಾಬಿನ್‌ನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆಯೂ ಧೂಳೂ ಅಲ್ಲಿಗೆ ಸುತ್ತಿ ಬರುತ್ತವೆ. ಗೋಡೆಯ ಬೆಸುಗೆಗೆ ಸೀಲರ್ ಹಚ್ಚದಿದ್ದರೆ ಸೀದಾ ಒಳಗೆ. ಬ್ರೇಕ್ ಲೈಟ್ ಮಂಕಾಗಿ ಉರಿದರೆ ಬಲ್ಬ್ ಬದಲಿಸುತ್ತ ಕೂರಬೇಡಿ. ತೊಟ್ಟಿ ರಬ್ಬರ್ ಮೇಲೆ ಕೂತಿರುವುದರಿಂದ ಅರ್ಥ್ ಸಿಗುತ್ತಿಲ್ಲ. ಲೈಟಿನಿಂದ ಚಾಸಿಗೆ 2.5 ಚದರ ಮಿ.ಮೀ. ಕಪ್ಪು ತಂತಿ ಪ್ರತ್ಯೇಕ ಎಳೆಸಿ.

ಅಂಬಾಸಿಡರ್ ಎಸ್ಟೇಟ್, ಫಿಯಟ್, ಪದ್ಮಿನಿಗಳ ಮಾಲೀಕರು ಇದನ್ನೋದಿ ಆಸೆಪಡಬಾರದು. ಅವುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಮಾನೊಕಾಕ್ ಬಾಡಿ. ಟಾಪು, ಕಂಬ, ಸಿಲ್ (ಬಾಗಿಲಿನ ಕೆಳಗಿನ ಹೊಸ್ತಿಲು), ನೆಲ ಎಲ್ಲ ಸೇರಿಯೇ ಚಾಸಿ. ಟಾಪಿನ ಹಿಂಭಾಗ ತೆಗೆದರೆ ಬೆನ್ನೆಲುಬನ್ನೇ ತೆಗೆದಂತೆ. ಜ್ಯಾಕ್ ಕೊಟ್ಟು ಹಿಂದಿನ ಚಕ್ರ ಎತ್ತಿದಾಗ ಮುಂಬಾಗಿಲು ಬಿಗಿಯುತ್ತದೆ, ಅಲ್ಲಿಗೆ ಮುಗಿಯಿತು. ಸಿಲ್ ಒಳಗೆ ಪೈಪು ತೂರಿಸಿ, ಕೆಳಗೆ ಚಾನಲ್ ಕೊಟ್ಟು ಉಳಿಸುತ್ತೇವೆ ಎನ್ನುವವರಿಗೆ ಅದರ ಲೆಕ್ಕಾಚಾರ ಕೇಳಿ. ಉತ್ತರ "ಏನೂ ಆಗಲ್ಲ ಬಿಡ್ರಿ" ಎಂದು ಬಂದರೆ ಗಾಡಿ ವಾಪಸ್ ತನ್ನಿ.

ಶೆಡ್ ಆರಿಸುವಾಗ ಮಾತನ್ನು ಒಟ್ಟು ಗುತ್ತಿಗೆಯಾಗಿ ಮುಗಿಸಬೇಡಿ. ಕಬ್ಬಿಣ ಕೆಜಿ ಲೆಕ್ಕ, ಕೂಲಿ ದಿನದ ಲೆಕ್ಕ, ಬಣ್ಣ ಬೇರೆ. ಹಣವನ್ನು ನಾಲ್ಕು ಕಂತು ಮಾಡಿ: ಊರುಗೋಲು ಕೊಟ್ಟು ಅಳತೆ ಬರೆದಾಗ ಒಂದು, ಗೋಡೆ ನಿಂತು ಬಾಗಿಲು ಒಂದೇ ಬೆರಳಿಗೆ ಮುಚ್ಚಿದಾಗ ಎರಡನೆಯದು, ಪುಟ್ಟಿ ಬಳಿಯುವ ಮುಂಚೆ ಬರೀ ಬೆಸುಗೆ ನೋಡಿ ಮೂರನೆಯದು, ಬ್ರೇಕ್ ಪರೀಕ್ಷೆಯ ನಂತರ ಕೊನೆಯದು. ಮೂರನೇ ಕಂತಿನ ದಿನ ಖಂಡಿತ ಹೋಗಿ. ಪುಟ್ಟಿ ಬಿದ್ದ ಮೇಲೆ ಕೆಲಸ ಯಾರಿಗೂ ಕಾಣುವುದಿಲ್ಲ. ಒಟ್ಟಾರೆ ತಗಡು ಬಗ್ಗಿಸುವುದು, ತೊಟ್ಟಿ ಕಟ್ಟುವುದು, ಬಣ್ಣ ಈ ಮೂರಕ್ಕೆ ಇಲ್ಲಿನ ಶೆಡ್‌ಗಳಿಗೆ ಐದಕ್ಕೆ ನಾಲ್ಕು ಕೊಡುತ್ತೇವೆ. ತಯಾರಿ ಮತ್ತು ಅಳತೆಗೆ ಎರಡು. ಬ್ರೇಕ್, ವೈರಿಂಗ್, ಕಾಗದಕ್ಕೆ ಒಂದು.

ಪಿಕಪ್ಪೇ ಬೇಕಾದವರಿಗೆ ಹಳೆಯ ಟಾಟಾಮೊಬೈಲ್ 206 ಅಥವಾ ಅದರ ನಂತರದ 207 ಹುಡುಕುವುದು ಸರಿಯಾದ ದಾರಿ. ಅದೇ ಮನೆತನದ ಚಾಸಿ, ಕಂಪನಿ ಒತ್ತಿದ ಕ್ಯಾಬಿನ್, ಆರ್‌ಸಿಯಲ್ಲೇ ಪಿಕಪ್ ಎಂದಿರುತ್ತದೆ. ಕತ್ತರಿಸುವ ಖರ್ಚಿನಲ್ಲಿ ಅದನ್ನು ಚೆನ್ನಾಗಿ ಟಿಂಕರಿಂಗ್ ಮಾಡಿಸಬಹುದು. ಎಸ್ಟೇಟ್ ಇರುವವರಿಗೆ ವಾರಕ್ಕೊಮ್ಮೆ ಮೂಟೆ ಒಯ್ಯುವುದಷ್ಟೇ ಕೆಲಸವಾದರೆ 12 ಮಿ.ಮೀ. ಐಎಸ್ 710 ಪ್ಲೈವುಡ್ 8×4 ಅಡಿಯದು ಒಂದು ಹಾಳೆ ಸಾಕು. ಹಿಂದಿನ ಸೀಟು ಮಡಚಿ, ಚಕ್ರದ ಉಬ್ಬಿಗೆ ಸರಿಯಾಗಿ ಕೊರೆದು, ಮೇಲೆ ರಬ್ಬರ್ ಮ್ಯಾಟ್ ಅಂಟಿಸಿ. ಹಗ್ಗ ಕಟ್ಟಲು ನಾಲ್ಕು ರಿಂಗ್ ಬೋಲ್ಟ್ ನೆಲಕ್ಕೆ ಹಾಕಿ, ಕೆಳಗಿನಿಂದ 50×50×3 ಮಿ.ಮೀ. ತಗಡು ಕೊಡಿ, ಇಲ್ಲದಿದ್ದರೆ ಎಳೆತಕ್ಕೆ ನೆಲವೇ ಕಿತ್ತು ಬರುತ್ತದೆ. ಮುಂಸೀಟಿನ ಬೆನ್ನಿಗೆ ಜಾಲರಿ ಹಾಕುವುದನ್ನು ಮರೆಯಬೇಡಿ; ಬ್ರೇಕ್ ಒತ್ತಿದಾಗ ಮೂಟೆ ಮುಂದಕ್ಕೆ ಬರುತ್ತದೆ.

ತುಕ್ಕು ಹಿಡಿದ ಗಾಡಿಯನ್ನು ಕತ್ತರಿಸಲೇಬೇಕಾಗಿ ಬಂದರೆ, ಇಳಿಸಿದ ಭಾಗಗಳನ್ನು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡಿ. ಹಿಂಬಾಗಿಲಿನ ಹಿಂಜ್ ಮತ್ತು ಲಾಕ್, ಪಕ್ಕದ ಉದ್ದ ಗಾಜುಗಳು, ಅವುಗಳ ರಬ್ಬರ್ ಬೀಡಿಂಗ್, ಹಿಂದಿನ ಲೈಟಿನ ಗಾಜು, ಪವರ್ ವಿಂಡೋ ಮೋಟಾರ್, ಒಳಗಿನ ಪ್ಲಾಸ್ಟಿಕ್ ಟ್ರಿಮ್ ಇವು ಹೊಸದಾಗಿ ಸಿಗುವುದು ಕಷ್ಟ. ಎಸ್ಟೇಟ್ ಉಳಿಸಿಕೊಂಡವರು ಊರೂರು ಹುಡುಕುತ್ತಿರುತ್ತಾರೆ. ಗಾಜು ಬಿಚ್ಚುವಾಗ ರಬ್ಬರನ್ನು ಬ್ಲೇಡಿನಿಂದ ಸೀಳಬೇಡಿ. ಸೋಪಿನ ನೀರು ಬಿಟ್ಟು, ಒಳಗಿನಿಂದ ತುಟಿಯನ್ನು ಮರದ ಚಪ್ಪಟೆ ಕಡ್ಡಿಯಲ್ಲಿ ಎಬ್ಬಿಸುತ್ತ ಮೇಲಿನ ಮೂಲೆಯಿಂದ ಹೊರಕ್ಕೆ ತಳ್ಳಿದರೆ ರಬ್ಬರ್ ಸಮೇತ ಬರುತ್ತದೆ. ಗಾಜನ್ನು ಮಲಗಿಸದೆ, ಗೋಣಿಚೀಲ ಹಾಸಿ ಅಂಚಿನ ಮೇಲೆ ನಿಲ್ಲಿಸಿಡಿ.